ದೂರ ಸಾಗದ ಪರಿಮಳ

1529ರ ಫೆಬ್ರವರಿ. ಪಾಣಿಪತ್ತಿನ ಯುದ್ಧ ಗೆದ್ದು ಮೂರು ವರ್ಷ ತುಂಬುತ್ತ ಬಂದಿತ್ತು. ಪೂರ್ವದ ಕಡೆಗೆ ದಂಡು ಕಟ್ಟಿಕೊಂಡು ಹೊರಟಿದ್ದ ಬಾಬರ್, ಕಾಬೂಲಿನಲ್ಲಿದ್ದ ಹಳೆಯ ಒಡನಾಡಿ ಖ್ವಾಜಾ ಕಲಾನನಿಗೆ ಉದ್ದನೆಯ ಕಾಗದವೊಂದನ್ನು ಬರೆದ. ಕೋಟೆಯ ದುರಸ್ತಿ ಆಗಬೇಕು, ತೋಟಕ್ಕೆ ನೀರು ತರಬೇಕು, ಒಳ್ಳೆಯ ಗಿಡಗಳನ್ನು ನೆಡಿಸಬೇಕು ಎಂಬ ಆಡಳಿತದ ಮಾತುಗಳ ನಡುವೆ ಅವನ ಮನಸ್ಸು ಇದ್ದಕ್ಕಿದ್ದಂತೆ ಊರಿನ ಕಡೆಗೆ ತಿರುಗುತ್ತದೆ. ಯಾರೋ ಒಂದು ಕರಬೂಜ ತಂದುಕೊಟ್ಟಿದ್ದರು. ಅದನ್ನು ಹೆಚ್ಚಿ ತಿನ್ನುತ್ತಿದ್ದಂತೆ ಮನಸ್ಸು ತಡೆಯಲಾರದೆ ಅತ್ತುಬಿಟ್ಟೆ ಎಂದು ಅವನು ಬರೆದುಕೊಂಡಿದ್ದಾನೆ.

ಅವನು ಹುಟ್ಟಿದ್ದು ಫರ್ಗಾನಾ ಕಣಿವೆಯ ಅಂದಿಜಾನಿನಲ್ಲಿ. ಅಲ್ಲಿನ ಅಖ್ಸಿ ಎಂಬ ಊರಿನ ‘ಮೀರ್ ತಿಮೂರಿ’ ಕರಬೂಜಕ್ಕೆ ಲೋಕದಲ್ಲಿ ಸಾಟಿಯಿಲ್ಲವೆಂದು ಅವನ ನಂಬಿಕೆ. ಸಮರಕಂದವನ್ನು ಗೆದ್ದ ಕಾಲದಲ್ಲಿ ಅಖ್ಸಿಯ ಹಣ್ಣನ್ನೂ ಬುಖಾರದ ಹಣ್ಣನ್ನೂ ತರಿಸಿ, ಸಭೆಯಲ್ಲಿ ಎರಡನ್ನೂ ಒಟ್ಟಿಗೆ ಹೆಚ್ಚಿಸಿ ರುಚಿ ನೋಡಿಸಿದ್ದ. ಅಖ್ಸಿಯದೇ ಮೇಲೆಂದು ತೀರ್ಮಾನವಾಯಿತು. ಹಿಂದುಸ್ತಾನದಲ್ಲಿ ಏನೇನಿಲ್ಲ ಎಂದು ಅವನು ಕೊಟ್ಟಿರುವ ಪಟ್ಟಿಯಲ್ಲಿ ಒಳ್ಳೆಯ ಕುದುರೆ, ಮಂಜುಗಡ್ಡೆ, ತಣ್ಣೀರು, ದ್ರಾಕ್ಷಿಗಳ ಜೊತೆ ಕರಬೂಜವೂ ಸೇರಿದೆ. 1527ರಲ್ಲಿ ಮದ್ಯವನ್ನು ಪೂರ್ತಿ ಬಿಟ್ಟ ಮೇಲೆ ಅವನ ನಾಲಿಗೆಗೆ ಉಳಿದ ದೊಡ್ಡ ಸುಖಗಳಲ್ಲಿ ಈ ಹಣ್ಣು ಒಂದಾಗಿತ್ತು.

ಬಾಬರನ ಕಣ್ಣೀರಿನ ಹಿಂದೆ ಈ ಹಣ್ಣಿನ ಸ್ವಭಾವವೂ ಇದೆ. ಕರಬೂಜದ ಘಮ ಬಳ್ಳಿಯಲ್ಲಿ ಹಣ್ಣಾದ ಒಂದೆರಡು ದಿನ ತುಂಬಿ ನಿಲ್ಲುತ್ತದೆ, ಆಮೇಲೆ ಹಣ್ಣು ಮೆತ್ತಗಾಗಿ ಹುಳಿಯುತ್ತದೆ. ಕಾಯಿದ್ದಾಗಲೇ ಕಿತ್ತರೆ ಬಣ್ಣ ಬರಬಹುದು, ಸಿಹಿ ಏರುವುದಿಲ್ಲ. ಪಿಷ್ಟವನ್ನು ಕೂಡಿಟ್ಟುಕೊಂಡು ಆಮೇಲೆ ಸಕ್ಕರೆ ಮಾಡಿಕೊಳ್ಳುವ ಶಕ್ತಿ ಬಾಳೆಗೆ ಇರುವಂತೆ ಇದಕ್ಕಿಲ್ಲ. ಸಿಹಿಯೆಲ್ಲ ಎಲೆಯಿಂದ ತೊಟ್ಟಿನ ಮೂಲಕ ದಿನದಿನವೂ ಇಳಿದು ಬರಬೇಕು. ಇಂಥ ಹಣ್ಣನ್ನು ಬೆಳೆದ ಊರಿನಿಂದ ದೂರದ ಬಾಯಿಗೆ ತಲುಪಿಸಲು ಮನುಷ್ಯರು ಪಟ್ಟ ಪಾಡಿಗೆ ಸಾವಿರ ವರ್ಷಕ್ಕೂ ಹಿಂದಿನ ಚರಿತ್ರೆಯಿದೆ.

ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನ ಖಲೀಫರಾದ ಅಲ್ ಮಾಮೂನ್ ಮತ್ತು ಅಲ್ ವಾಸಿಕ್ ಅವರಿಗೆ ಖ್ವಾರಿಜಮಿನ ಕರಬೂಜವೇ ಬೇಕಾಗುತ್ತಿತ್ತು. ಖ್ವಾರಿಜಂ ಎಂದರೆ ಇಂದಿನ ಉಜ್ಬೇಕಿಸ್ತಾನ, ತುರ್ಕಮೆನಿಸ್ತಾನಗಳ ನಡುವೆ ಅಮು ದರಿಯಾ ನದಿಯ ಕೆಳದಂಡೆಯ ನಾಡು. ಸೀಸದ ಪೆಟ್ಟಿಗೆಯಲ್ಲಿ ಹಿಮ ತುಂಬಿ, ಅದರೊಳಗೆ ಹಣ್ಣಿಟ್ಟು ಕಳಿಸುತ್ತಿದ್ದರಂತೆ. ಕೆಡದೆ ತಲುಪಿದ ಒಂದೊಂದು ಹಣ್ಣಿಗೂ 700 ದಿರ್ಹಂ ಬೆಲೆ ಎಂದು ಹನ್ನೊಂದನೆಯ ಶತಮಾನದ ಲೇಖಕ ಸಆಲಿಬಿ ದಾಖಲಿಸಿದ್ದಾನೆ.

ಹಿಮವೂ ಸೀಸವೂ ಖಲೀಫರಿಗಾಯಿತು. ವ್ಯಾಪಾರಿಗಳ ಉಪಾಯ ಬೇರೆ. 1333ರಲ್ಲಿ ಭಾರತಕ್ಕೆ ಬಂದ ಇಬ್ನ್ ಬತೂತಾ ದಾರಿಯಲ್ಲಿ ಖ್ವಾರಿಜಮನ್ನು ಹಾದು ಬಂದಿದ್ದ. ಅಲ್ಲಿನ ಕರಬೂಜದ ಸಿಪ್ಪೆ ಹಸಿರು, ತಿರುಳು ಕೆಂಪು. ಅದನ್ನು ಉದ್ದುದ್ದ ಸೀಳಿ, ಬಿಸಿಲಲ್ಲಿ ಒಣಗಿಸಿ, ಬುಟ್ಟಿಗೆ ತುಂಬಿ ಭಾರತ ಮತ್ತು ಚೀನಾದ ತುದಿಯವರೆಗೂ ಒಯ್ಯುತ್ತಾರೆ ಎಂದು ಬರೆದಿದ್ದಾನೆ. ದೆಹಲಿಯಲ್ಲಿದ್ದಾಗ ವರ್ತಕರ ತಂಡ ಬಂದ ಸುದ್ದಿ ಕೇಳಿದರೆ ಸಾಕು, ಆ ಒಣಹೋಳು ಕೊಳ್ಳಲು ಆಳನ್ನು ಓಡಿಸುತ್ತಿದ್ದ. ಅವನ ಈ ಆಸೆ ಸುಲ್ತಾನ ಮಹಮ್ಮದ್ ಬಿನ್ ತುಘಲಕನಿಗೂ ಗೊತ್ತಿತ್ತು. ತನಗೆ ಕಾಣಿಕೆಯಾಗಿ ಬಂದುದನ್ನು ಅವನಿಗೆ ಕಳಿಸಿಕೊಡುತ್ತಿದ್ದ. ಒಣಗಿಸಿದರೆ ಸಿಹಿಯೇನೋ ಉಳಿಯುತ್ತದೆ. ಹೊಲದಲ್ಲಿ ಹೆಚ್ಚಿದಾಗ ಮೂಗಿಗೆ ಬಡಿಯುವ ಘಮ ಉಳಿಯುವುದಿಲ್ಲ.

ಬೆಳೆಯುವ ಊರುಗಳಲ್ಲಿ ಈ ಹಣ್ಣಿಗೆ ನಡೆಯುತ್ತಿದ್ದ ಸೇವೆಯೂ ಸಾಮಾನ್ಯವಲ್ಲ. ಇಸ್ಫಹಾನಿನ ಸುತ್ತಲಿನ ಬಯಲಿನಲ್ಲಿ ಇವತ್ತಿಗೂ ದುಂಡನೆಯ ಮಣ್ಣಿನ ಗೋಪುರಗಳು ನಿಂತಿವೆ. ಒಳಗೆ ಗೋಡೆಯ ತುಂಬ ಸಾಲುಸಾಲು ಗೂಡು. ಒಂದೊಂದರಲ್ಲೂ ಪಾರಿವಾಳ ಕೂರುವಷ್ಟೇ ಜಾಗ. ಹಕ್ಕಿ ಹೊಗುವಂತೆ ಮೇಲೆ ಸಣ್ಣ ಕಂಡಿಗಳು. ಹಗಲೆಲ್ಲ ಬಯಲಲ್ಲಿ ಮೇದು ರಾತ್ರಿ ಬಂದು ತಂಗುವ ಪಾರಿವಾಳಗಳ ಹಿಕ್ಕೆ ನೆಲದಲ್ಲಿ ರಾಶಿ ಬೀಳುತ್ತಿತ್ತು. ಆ ಗೊಬ್ಬರವನ್ನು ಬಾಚಿ ಒಯ್ಯುತ್ತಿದ್ದುದು ಮುಖ್ಯವಾಗಿ ಕರಬೂಜದ ಮಡಿಗಳಿಗೆ. ಹದಿನೇಳನೆಯ ಶತಮಾನದ ಫ್ರೆಂಚ್ ಪ್ರವಾಸಿ ಶಾರ್ಡಾನ್, ಇಸ್ಫಹಾನಿನ ಆಸುಪಾಸಿನಲ್ಲಿ ಇಂಥ ಗೋಪುರಗಳು 3000ಕ್ಕೂ ಹೆಚ್ಚಿವೆ ಎಂದು ಲೆಕ್ಕ ಕೊಟ್ಟಿದ್ದಾನೆ. ಮಾಂಸಕ್ಕಲ್ಲ, ಒಂದು ಹಣ್ಣಿನ ಗೊಬ್ಬರಕ್ಕೆಂದು ಹಕ್ಕಿಗಳಿಗೆ ಮಹಡಿ ಕಟ್ಟಿಸಿದ ನಾಡು ಅದು.

ಬಾಬರ್ ಕೊನೆಗೆ ಹಿಡಿದ ದಾರಿ ಹಣ್ಣನ್ನು ತರಿಸುವುದಲ್ಲ, ಬೆಳೆಯುವವನನ್ನು ತರಿಸುವುದು. ಆಗ್ರಾದಲ್ಲಿ ಯಮುನೆಯ ಪೂರ್ವದಂಡೆಯ ಬೋಳು ನೆಲದಲ್ಲಿ ಮೊದಲು ದೊಡ್ಡ ಬಾವಿ ತೋಡಿಸಿ, ಕೊಳ ಕಟ್ಟಿಸಿ, ಆಮೇಲೆ ಅಳತೆಗೆ ಸರಿಯಾಗಿ ತೋಟ ಎಬ್ಬಿಸಿದ್ದ. ಅವನ ಸರದಾರರೂ ಅಲ್ಲೇ ತೋಟ ಮಾಡಿಕೊಂಡರು. ಇಂಥದ್ದನ್ನು ಕಂಡಿರದ ಊರಿನ ಜನ ಆ ದಂಡೆಯನ್ನೇ ‘ಕಾಬೂಲ್’ ಎಂದು ಕರೆಯತೊಡಗಿದರು. ಬಲ್ಖ್ ಕಡೆಯ ಕರಬೂಜದ ಬೇಸಾಯಗಾರನೊಬ್ಬನನ್ನು ಬಳ್ಳಿ ಹಾಕಲು ನೇಮಿಸಲಾಗಿತ್ತು. ಪೂರ್ವದ ದಂಡಯಾತ್ರೆ ಮುಗಿಸಿ ಬಾಬರ್ 1529ರ ಜೂನಿನಲ್ಲಿ ಆಗ್ರಾಕ್ಕೆ ಮರಳಿದಾಗ ಆ ಬೇಸಾಯಗಾರ ಕೆಲವು ಹಣ್ಣು ತಂದಿಟ್ಟ. ಗಾತ್ರದಲ್ಲಿ ಸಣ್ಣವು, ರುಚಿಯಲ್ಲಿ ಬಹಳ ಚೆನ್ನ. ಹಷ್ತ್ ಬಿಹಿಷ್ತ್ ತೋಟದ ಒಂದೆರಡು ದ್ರಾಕ್ಷಿ ಬಳ್ಳಿಗಳೂ ಫಲ ಬಿಟ್ಟಿದ್ದವು. ಹಿಂದುಸ್ತಾನದ ನೆಲದಲ್ಲೂ ಇವು ಬೆಳೆದವಲ್ಲ ಎಂದು ಅವನಿಗಾದ ತೃಪ್ತಿ ಬರಹದಲ್ಲಿ ಎದ್ದು ಕಾಣುತ್ತದೆ. ಅಳುತ್ತ ಕಾಗದ ಬರೆದು ನಾಲ್ಕು ತಿಂಗಳಾಗಿತ್ತು. ಮರುವರ್ಷದ ಡಿಸೆಂಬರಿನಲ್ಲಿ ಅವನು ತೀರಿಕೊಂಡ.

ಮೊಮ್ಮಗ ಅಕ್ಬರನ ಕಾಲಕ್ಕೆ ಇರಾನ್ ಮತ್ತು ಮಧ್ಯ ಏಷ್ಯಾದ ತುರಾನ್‌ಗಳ ತೋಟಗಾರರು ಇಲ್ಲೇ ನೆಲೆನಿಂತು ಬೇಸಾಯ ಮಾಡುತ್ತಿದ್ದರು. ಅಬುಲ್ ಫಜಲನ ‘ಐನ್-ಇ-ಅಕ್ಬರಿ’ಯಲ್ಲಿ ಹಣ್ಣಿನದೇ ಒಂದು ಪ್ರಕರಣವಿದೆ. ಇಲ್ಲಿಯ ಬೆಳೆ ವಸಂತದಲ್ಲಿ ಬರುತ್ತಿತ್ತು. ಅದು ಮುಗಿದ ಮೇಲೆ ಕಾಶ್ಮೀರದ್ದು, ಬಳಿಕ ಕಾಬೂಲಿನದು, ಚಳಿಗಾಲಕ್ಕೆ ಬದಖ್ಷಾನಿನದು ಹೀಗೆ ಒಂದರ ಹಿಂದೊಂದು ಅರಮನೆಗೆ ಹಣ್ಣು ಬರುತ್ತಿತ್ತು. ಅದೇ ಪ್ರಕರಣದ ಬೆಲೆಪಟ್ಟಿಯಲ್ಲಿ ತುರಾನಿನ ಅರ್ಹಂಗ್ ಕರಬೂಜದ ಮೊದಲ ದರ್ಜೆಗೆ ಎರಡೂವರೆ ರೂಪಾಯಿ ಎಂದಿದೆ. ರೂಪಾಯಿಗೆ 40 ದಾಮ್ ಇದ್ದ ಕಾಲ. ಸಾಮಾನ್ಯ ಕೂಲಿಯವನಿಗೆ ದಿನಕ್ಕೆ ಸಿಗುತ್ತಿದ್ದುದು ಎರಡು ದಾಮ್. ಬೇರೆ ದೇಶದ ಘಮ ಯಾರ ಪಾಲಿನದಾಗಿತ್ತು ಎಂಬುದಕ್ಕೆ ಈ ಎರಡು ಅಂಕಿಗಳು ಸಾಕು. ಅಕ್ಬರನ ಮಗ ಜಹಾಂಗೀರ್ ಗುಜರಾತಿನಲ್ಲಿದ್ದಾಗ ಹೆರಾತಿನ ಹತ್ತಿರದ ಕಾರಿಜ್ ಊರಿನ ಕರಬೂಜಗಳನ್ನು ಅಹಮದಾಬಾದಿನ ಶೇಖರಿಗೆ ಹಂಚಿಸಿದ. ಆ ಗಾತ್ರ, ಆ ಸಿಹಿ ಕಂಡು ಅವರು ಬೆರಗಾದರು.

ಔರಂಗಜೇಬನ ಕಾಲದಲ್ಲಿ ದೆಹಲಿಯಲ್ಲಿದ್ದ ಫ್ರೆಂಚ್ ವೈದ್ಯ ಬರ್ನಿಯರ್ ಬರೆದಿರುವ ಒಂದು ಸಂಗತಿ ತೋಟ ಮಾಡುವವರ ಕಿವಿ ನಿಮಿರಿಸುವಂಥದ್ದು. ಶ್ರೀಮಂತರು ಪರ್ಷಿಯಾದಿಂದ ಬೀಜ ತರಿಸಿ, ಬಹಳ ಮುತುವರ್ಜಿಯಿಂದ ನೆಲ ಹದ ಮಾಡಿ ಬೆಳೆಸುತ್ತಿದ್ದರು. ಆ ಹಣ್ಣು ಚೆನ್ನಾಗಿರುತ್ತಿತ್ತು. ಆದರೆ ಅದರ ಬೀಜ ಹಿಡಿದು ಮತ್ತೆ ಹಾಕಿದರೆ ಮೊದಲ ವರ್ಷ ಕಳೆಯುವಷ್ಟರಲ್ಲಿ ಗುಣ ಇಳಿಯುತ್ತಿತ್ತು. ಇಲ್ಲಿನ ಮಣ್ಣು ಒಗ್ಗದೆ ಹೀಗಾಗುತ್ತದೆ ಎಂದು ಬರ್ನಿಯರ್ ತಿಳಿದ. ಇವತ್ತು ನೋಡುವವರಿಗೆ ಜೇನುನೊಣದ ಕೈವಾಡ ಕಾಣುತ್ತದೆ. ಕರಬೂಜದ ಹೂ ನೊಣದಿಂದಲೇ ಫಲ ಕಟ್ಟುವುದು. ಸುತ್ತಲ ಹೊಲಗಳ ತುಂಬ ಅದೇ ಜಾತಿಯ ದೇಸಿ ಬಳ್ಳಿಗಳು ಹೂಬಿಟ್ಟಿರುತ್ತಿದ್ದವು. ಪರ್ಷಿಯಾದ ಹೂವಿಗೆ ಅವುಗಳ ಪರಾಗ ಬಿದ್ದರೆ ಮರುವರ್ಷದ ಹಣ್ಣು ಬೇರೆಯೇ ಆಗುತ್ತದೆ.

ಹಾಗಾದರೆ ಹಿಂದುಸ್ತಾನದಲ್ಲಿ ಈ ಹಣ್ಣು ಇಲ್ಲವೆಂದು ಬಾಬರ್ ಹೇಳಿದ್ದು ಅರ್ಧ ಮಾತ್ರ ನಿಜ. ಅವನಿಗೆ ಬೇಕಾದ ಬಗೆ ಇರಲಿಲ್ಲ, ಬಳ್ಳಿ ಇತ್ತು. ಇತ್ತು ಎಂದರೂ ಸಾಲದು, ಅದರ ತವರೇ ಇದು. 2019ರಲ್ಲಿ ವಿಜ್ಞಾನಿಗಳ ತಂಡವೊಂದು ಜಗತ್ತಿನ ಸಾವಿರಕ್ಕೂ ಹೆಚ್ಚು ಕರಬೂಜ ತಳಿಗಳ ವಂಶವಾಹಿಗಳನ್ನು ಓದಿ ನೋಡಿತು. ಮನುಷ್ಯ ಈ ಬಳ್ಳಿಯನ್ನು ಮೂರು ಸಲ, ಬೇರೆಬೇರೆಯಾಗಿ ಪಳಗಿಸಿದ್ದಾನೆ, ಒಮ್ಮೆ ಆಫ್ರಿಕಾದಲ್ಲಿ, ಎರಡು ಸಲ ಭಾರತದಲ್ಲಿ ಎಂಬುದು ಅವರ ತೀರ್ಮಾನ. ಕಳಿತ ಹಣ್ಣು ತೊಟ್ಟು ಕಳಚಿಕೊಳ್ಳುವಂತೆ ಸಾವಿನಿಂದ ಬಿಡುಗಡೆಯಾಗಲಿ ಎಂದು ಬೇಡುವ ಋಗ್ವೇದದ ಮೃತ್ಯುಂಜಯ ಮಂತ್ರ ಈ ನೆಲದ್ದೇ. ಎಳೆಯದಾಗಿದ್ದಾಗ ಕೊಯ್ದು ತಿನ್ನುವ ಸೌತೆಗಿಂತ, ಹಣ್ಣಾದಾಗ ಮುಟ್ಟಿದರೆ ಸಾಕು ಬಳ್ಳಿ ಬಿಡುವ, ಕರಬೂಜದ ಜಾತಿಯದೇ ಆದ ಕೆಕ್ಕರಿಕೆಗೆ ಆ ಮಾತು ಚೆನ್ನಾಗಿ ಒಪ್ಪುತ್ತದೆ.

ಕರ್ನಾಟಕದಲ್ಲಿ ಈ ಒಂದೇ ಜಾತಿ ಎಷ್ಟು ವೇಷ ಹಾಕಿದೆ ನೋಡಬೇಕು. ಉತ್ತರದ ಎರೆಹೊಲಗಳಲ್ಲಿ ಬೆಳೆಯ ಸಾಲಿನ ನಡುವೆ ಹಬ್ಬುವ ಪುಟ್ಟ ಮಿಣಿಕೆ, ಹಳೇ ಮೈಸೂರಿನ ಬನಸ್ಪತ್ರೆ, ಸಿದ್ದೋಟೆ, ಕರಾವಳಿ ಮತ್ತು ಮಲೆನಾಡಿನ ಇಬ್ಬುಡ್ಲು, ಅದನ್ನೇ ಚಿಬ್ಬಡ ಎನ್ನುವ ಕೊಂಕಣಿಗರು. ಹುಳಿಗೆ, ಸಾಂಬಾರಿಗೆ ಹಾಕುವ ಮಂಗಳೂರು ಸೌತೆಯೂ ಹೆಸರಿಗೆ ಸೌತೆ, ಜಾತಿಯಲ್ಲಿ ಕರಬೂಜದ ಒಡಹುಟ್ಟು. ಅದಕ್ಕೆ ಘಮವಿಲ್ಲ, ಸಿಹಿಯಿಲ್ಲ. ಬದಲಿಗೆ ಬಾಳಿಕೆ ಇದೆ. ಬೇಸಗೆಯಲ್ಲಿ ಕೊಯ್ದದ್ದನ್ನು ಬಾಳೆನಾರಿನಲ್ಲಿ ಕಟ್ಟಿ ಅಡ್ಡಕ್ಕೆ ತೂಗುಹಾಕಿದರೆ ಮಳೆಗಾಲದ ತರಕಾರಿಗೆ ಚಿಂತೆಯಿಲ್ಲ. ಖ್ವಾರಿಜಮಿನ ರೈತರೂ ಚಳಿಗಾಲಕ್ಕೆ ಉಳಿಯುವ ಕರಬೂಜಗಳನ್ನು ಜೊಂಡಿನ ಬಲೆಯಲ್ಲಿ ಕಟ್ಟಿ ಮಾಡಿಗೆ ತೂಗುಹಾಕುತ್ತಾರೆ. ಎರಡು ನಾಡಿನವರೂ ಕಂಡುಕೊಂಡ ನಿಯಮ ಒಂದೇ: ಬಾಳುವ ಬಗೆಗೆ ಪರಿಮಳ ಕಡಿಮೆ, ಪರಿಮಳದ ಬಗೆಗೆ ಬಾಳಿಕೆ ಕಡಿಮೆ.

ಇಬ್ಬುಡ್ಲು ಎರಡನೆಯ ಬಗೆಯದು. ಭತ್ತ ಕೊಯ್ದ ಗದ್ದೆಯಲ್ಲಿ, ಇಲ್ಲವೇ ಮನೆ ಹಿತ್ತಿಲಲ್ಲಿ ಗುಣಿ ತೋಡಿ, ಸುಡುಮಣ್ಣು, ಬೂದಿ, ಹಟ್ಟಿಗೊಬ್ಬರ ಹಾಕಿ ಬೀಜ ಊರುತ್ತಾರೆ. ಬೇಸಗೆಗೆ ಹಣ್ಣು. ಕಳಿತಂತೆ ಸಿಪ್ಪೆ ಹಳದಿಯಾಗುತ್ತದೆ, ಹಿಂದೆಯೇ ತಾನಾಗಿ ಬಿರಿಯುತ್ತದೆ. ಬಿರಿದ ಹಣ್ಣನ್ನು ಸಂತೆಗೆ ಒಯ್ಯುವುದು ಕಷ್ಟ, ಅಂದೇ ತಿಂದು ಮುಗಿಸಬೇಕು. ಒಳಗಿನ ತಿರುಳು ಬಿಳಿ, ಹಿಟ್ಟುಹಿಟ್ಟು, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಮನೆಯವರು ಮೊದಲು ಬೀಜದ ಲೋಳೆಯನ್ನು ಬಾಚಿ ಒಂದು ಪಾತ್ರೆಗೆ ಹಾಕಿ, ನೀರು ಬೆರೆಸಿ ಕಿವುಚಿ ಸೋಸುತ್ತಾರೆ. ಘಮದ ಬಹುಪಾಲು ಇರುವುದು ಆ ಲೋಳೆಯಲ್ಲಿ. ಸೋಸಿದ ರಸಕ್ಕೆ ಬೆಲ್ಲ, ತೆಂಗಿನಕಾಯಿ ಹಾಲು, ಏಲಕ್ಕಿ, ಪುಡಿಮಾಡಿದ ತಿರುಳು. ಹಣ್ಣಿನಲ್ಲಿ ಸಿಹಿ ಅಷ್ಟಾಗಿ ಇಲ್ಲದಿದ್ದರೂ ರಸಾಯನದಲ್ಲಿ ಮೇಲುಗೈ ಅದರ ಪರಿಮಳದ್ದೇ. ಅವಲಕ್ಕಿ ಕಲಸಿಕೊಂಡರೂ ಸೈ, ನೀರುದೋಸೆಯ ಜೊತೆಗೂ ಸೈ. ಕೇರಳದ ಕೊಡುಂಗಲ್ಲೂರಿನ ಸುತ್ತ ಬೆಳೆಯುವ ಪೊಟ್ಟುವೆಳ್ಳರಿ ಇದರ ದಾಯಾದಿ. ಅದಕ್ಕೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಬಯಲುಸೀಮೆಯಲ್ಲಿ ಬನಸ್ಪತ್ರೆಗೆ ರಾಮನವಮಿಯೇ ದೊಡ್ಡ ದಿನ. ಬೆಲ್ಲದ ಪಾನಕ, ಕೋಸಂಬರಿ, ನೀರುಮಜ್ಜಿಗೆಗಳ ಸಾಲಿನಲ್ಲಿ ಕರಬೂಜದ ಪಾನಕವೂ ಹಲವು ಮನೆಗಳಲ್ಲಿ ನೈವೇದ್ಯಕ್ಕೆ ಬರುತ್ತದೆ.

ಸಿಹಿ ಕಡಿಮೆಯೆಂದು ದರ್ಬಾರಿನವರು ಕಡೆಗಣಿಸಿದ ಈ ದೇಸಿ ಬಳ್ಳಿಗಳು ಇಪ್ಪತ್ತನೆಯ ಶತಮಾನದಲ್ಲಿ ಜಗತ್ತಿನ ಕರಬೂಜವನ್ನೇ ಕಾಪಾಡಿದವು. 1925ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಬೂದಿರೋಗ ಕಾಣಿಸಿಕೊಂಡಿತು. ಎಲೆಗಳ ಮೇಲೆ ಬೂದಿ ಎರಚಿದಂತಾಗಿ, ಒಣಗಿ, ಹಣ್ಣಿಗೆ ಸಕ್ಕರೆ ಇಳಿಯುವ ದಾರಿಯೇ ಮುಚ್ಚುವ ರೋಗವದು. ಅಲ್ಲಿದ್ದ ತಳಿಗಳಲ್ಲಿ ತಡೆದುಕೊಳ್ಳುವುದು ಸಿಗದೆ ತಜ್ಞರು ಬೇರೆ ದೇಶಗಳ ಬೀಜ ತರಿಸಿ ಬಿತ್ತಿ ನೋಡಿದರು. ರೋಗ ತಾಳಿ ನಿಂತದ್ದು ಭಾರತದಿಂದ ಬಂದ ಬೀಜ. ಅದರ ಹಣ್ಣು ತಿನ್ನಲು ಅಷ್ಟೇನೂ ಚೆನ್ನಾಗಿರಲಿಲ್ಲ. ಅದನ್ನು ಅಲ್ಲಿನ ಸಿಹಿ ತಳಿಯ ಜೊತೆ ಕೂಡಿಸಿ, ವರ್ಷಗಟ್ಟಲೆ ಆರಿಸಿ 1936ರಲ್ಲಿ ಹೊರತಂದ ತಳಿಯೇ ‘ಪಿಎಂಆರ್ 45’. ಮುಂದಿನ ದಶಕಗಳಲ್ಲಿ ಅಮೆರಿಕದ ಪಶ್ಚಿಮ ಭಾಗದ ಕರಬೂಜ ಬೇಸಾಯ ಇದರ ಮೇಲೆಯೇ ನಿಂತಿತು. ವೈರಸ್ಸು, ಸಸ್ಯಹೇನು ಇತ್ಯಾದಿಗಳನ್ನು ತಡೆಯುವ ಗುಣಕ್ಕೂ ತಳಿಗಾರರು ಮತ್ತೆಮತ್ತೆ ಹುಡುಕಿಕೊಂಡು ಬಂದದ್ದು ಭಾರತದ ಬಿರಿಯುವ ಕರಬೂಜಗಳನ್ನೇ.

ಆ ಗುಣ ತಿರುಗಿ ಮನೆಗೂ ಬಂತು. ದೆಹಲಿಯ ಪೂಸಾ ಸಂಸ್ಥೆ ಯಮುನೆಯ ಬದಿಯ ‘ಕುತಾನಾ’ ಎಂಬ ನಾಡತಳಿಯನ್ನು ಅಮೆರಿಕದ ‘ಪಿಎಂಆರ್ 6’ ಜೊತೆ ಕೂಡಿಸಿ ‘ಪೂಸಾ ಶರಬತಿ’ ಮಾಡಿತು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಎರಡು ಒಳ್ಳೆಯ ತಳಿಗಳನ್ನು ನಾಡತಳಿಗಳಿಂದಲೇ ಆರಿಸಿ ತೆಗೆಯಿತು. ಉತ್ತರ ಪ್ರದೇಶದ ‘ಬಾಟಿ’ಯಿಂದ ‘ಅರ್ಕಾ ಜೀತ್’, ರಾಜಸ್ಥಾನದ ತಳಿಯೊಂದರಿಂದ ‘ಅರ್ಕಾ ರಾಜಹಂಸ’. ಅರ್ಕಾ ಜೀತ್ ಹಣ್ಣು ಅರ್ಧ ಕಿಲೋ ದಾಟುವುದು ಕಡಿಮೆ. ಸಿಪ್ಪೆ ಕಿತ್ತಳೆ ಕಂದು, ಒಳಗೆ ಬಿಳಿ ತಿರುಳು, ಒಳ್ಳೆಯ ಸಿಹಿ, ಜೋರು ಘಮ.

ಅಂಗಡಿಯಲ್ಲಿ ಈಗ ವರ್ಷವಿಡೀ ಕರಬೂಜ ಸಿಗುತ್ತದೆ. ನೋಡಲು ಚೆಂದ, ಮುಟ್ಟಲು ಗಟ್ಟಿ, ಹೆಚ್ಚಿದಾಗ ಮಾತ್ರ ಮೂಗಿಗೆ ಏನೂ ಬರುವುದಿಲ್ಲ. ಇದರ ಕಾರಣವನ್ನು ಫ್ರಾನ್ಸಿನಲ್ಲಿ 1990ರ ದಶಕದಲ್ಲಿ ನಡೆದ ಪ್ರಯೋಗವೊಂದು ಬಿಡಿಸಿ ತೋರಿಸಿತು. ಘಮಕ್ಕೆ ಹೆಸರಾದ ಶಾರಾಂತೆ ಕರಬೂಜದಲ್ಲಿ ಎಥಿಲೀನ್ ಹುಟ್ಟದಂತೆ ವಿಜ್ಞಾನಿಗಳು ವಂಶವಾಹಿಯೊಂದನ್ನು ತಡೆದರು. ಹಣ್ಣು ಮಾಗಿಸುವ ಅನಿಲವದು. ಅದಿಲ್ಲದೆ ಹಣ್ಣು ಮೆತ್ತಗಾಗಲಿಲ್ಲ, ಬಹಳ ದಿನ ಗಟ್ಟಿಯಾಗಿ ಉಳಿಯಿತು. ತಿರುಳಿನ ಬಣ್ಣ ಬಂತು, ಸಿಹಿಯೂ ಬಂತು. ಪರಿಮಳ ಮಾತ್ರ ಬಹುಮಟ್ಟಿಗೆ ಹೋಯಿತು. ತಿರುಳನ್ನು ಮೆತ್ತಗೆ ಮಾಡುವ ಅನಿಲವೇ ಘಮ ಹೊಮ್ಮಿಸುವ ಕೆಲಸವನ್ನೂ ಮಾಡುತ್ತದೆ. ಲಾರಿ, ಗೋದಾಮುಗಳಿಗಾಗಿ ಒಂದನ್ನು ತಡೆದರೆ ಇನ್ನೊಂದೂ ನಿಲ್ಲುತ್ತದೆ. ಸೀಸದ ಪೆಟ್ಟಿಗೆಯ ಕಾಲದಿಂದ ಬಿಡಿಸಲಾಗದ ಗಂಟು ಇದೇ.

ಹಿತ್ತಿಲಿನಲ್ಲಿ ಬೆಳೆಯುವವರಿಗೆ ಆ ತೊಡಕಿಲ್ಲ. ಬಳ್ಳಿಯಿಂದ ತಟ್ಟೆಗೆ ಹತ್ತು ಹೆಜ್ಜೆ. ಬೇಕಾದದ್ದು ದಿನಪೂರ್ತಿ ಬಿಸಿಲು, ನೀರು ನಿಲ್ಲದ ಸಡಿಲ ಮಣ್ಣು, ಕೊಳೆತ ಗೊಬ್ಬರ. ತಾರಸಿಯ ಮೇಲಾದರೆ ದೊಡ್ಡ ಡ್ರಮ್ಮು ಅಥವಾ ಚೀಲ, ಹಂಬು ಹತ್ತಿಸಲು ಬಲೆ. ಮೊದಲು ಬರುವುದು ಬರೀ ಗಂಡುಹೂ, ಉದುರಿತೆಂದು ಕಂಗೆಡಬೇಕಾಗಿಲ್ಲ. ಬುಡದಲ್ಲಿ ಪುಟ್ಟ ಕಾಯಿ ಹೊತ್ತ ಹೂ ಆಮೇಲೆ ಬರುತ್ತದೆ. ಜೇನುನೊಣ ಸುಳಿಯದ ಕಡೆ ಬೆಳಗಿನ ಹೊತ್ತು ಗಂಡುಹೂ ಕಿತ್ತು ಅದಕ್ಕೆ ತಾಗಿಸಿದರೆ ಕಾಯಿ ನಿಲ್ಲುತ್ತದೆ. ಬೀಜ ಹಿಡಿಯುವ ಇರಾದೆ ಇದ್ದರೆ ಅರಳುವ ಮುನ್ನಾ ಸಂಜೆಯೇ ಆ ಎರಡೂ ಹೂಗಳನ್ನು ದಾರದಲ್ಲಿ ಕಟ್ಟಿ, ಬೆಳಿಗ್ಗೆ ಕೈಯಿಂದ ಪರಾಗ ಮುಟ್ಟಿಸಿ, ಹೆಣ್ಣುಹೂವನ್ನು ಮತ್ತೆ ಕಟ್ಟಬೇಕು. ದೆಹಲಿಯ ಶ್ರೀಮಂತರ ಬೀಜಕ್ಕೆ ಒದಗಿದ ಗತಿ ಆಗ ಬರುವುದಿಲ್ಲ. ಕಾಯಿ ಬಲಿತ ಮೇಲೆ ನೀರು ಕಡಿಮೆ ಮಾಡಿ, ನೆಲಕ್ಕೆ ತಾಗದಂತೆ ಅಡಿಗೆ ಹುಲ್ಲು ಇಟ್ಟರೆ ಸಿಹಿ ಕಟ್ಟುತ್ತದೆ. ತೊಟ್ಟಿನ ಸುತ್ತ ಸಣ್ಣ ಬಿರುಕು ಕಂಡು, ಹೂವಿದ್ದ ತುದಿಯಲ್ಲಿ ವಾಸನೆ ಬಂದ ದಿನ ಕೊಯ್ಲು. ನೆಟ್ಟ ಬೀಜಕ್ಕೆ ಹಣ್ಣು ಕೊಡಲು ಎಪ್ಪತ್ತೈದರಿಂದ ತೊಂಬತ್ತು ದಿನ ಬೇಕು. ರಾಮನವಮಿಯ ಪಾನಕಕ್ಕೆ ಮನೆಯ ಹಣ್ಣೇ ಆಗಬೇಕೆನ್ನುವವರು ಸಂಕ್ರಾಂತಿಗೆ ಮೊದಲೇ ಬೀಜ ಹಾಕಿರಬೇಕು.